ಮೂವತ್ತೆರಡು ಸಾವಿರದ ಡ್ಯಾಕು, ಎರಡು ರೂಪಾಯಿ ಕೆಪಾಸಿಟರು

ಹೋದ ತಿಂಗಳು ಒಂದು ಭಾನುವಾರ ಮೇಷ್ಟ್ರು ನಮ್ಮ ಮನೆ ಹಾಲ್‌ನಲ್ಲಿ ಕೂತಿದ್ದರು. ಹೆಡ್‌ಫೋನ್ ತೆಗೆದು ತೊಡೆ ಮೇಲಿಟ್ಟುಕೊಂಡು, "ಇದರಲ್ಲಿ ಏನೋ ಮೋಸ ಇದೆ ಕಣಯ್ಯ" ಅಂದರು. ನನಗೆ ಒಳಗೊಳಗೇ ಖುಷಿ. ಎರಡು ಡ್ಯಾಕುಗಳನ್ನು ಯಾವುದು ಅಂತ ಗೊತ್ತಾಗದ ಹಾಗೆ ಬದಲಾಯಿಸಿ ಕೇಳಿಸುವ ನನ್ನ ಪೆಟ್ಟಿಗೆ ಕೊನೆಗೂ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅವತ್ತು ಗೊತ್ತಾಯಿತು. ಎರಡು ವರ್ಷದಿಂದ ನಮ್ಮ ಹೆಡ್‌ಫೋನ್ ಗೆಳೆಯರ ಗುಂಪಿನಲ್ಲಿ ನನ್ನ ಈ ಪೆಟ್ಟಿಗೆ ಅಂದರೆ ಎಲ್ಲರಿಗೂ ನಗು. ಡಾಕ್ಟ್ರಂತೂ ಅದಕ್ಕೆ "ಅವಲಕ್ಕಿ ಡಬ್ಬಿ" ಅಂತಲೇ ಹೆಸರಿಟ್ಟಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ ಬಿಡಿ, ಮುಂದೆ ಹೇಳುತ್ತೇನೆ.

ಡ್ಯಾಕ್ ಅಂದರೆ ಕಂಪ್ಯೂಟರಿನ ಡಿಜಿಟಲ್ ಹಾಡನ್ನು ವಿದ್ಯುತ್ ಸಿಗ್ನಲ್ ಮಾಡುವುದು, ಆಂಪ್ ಅಂದರೆ ಆ ಸಿಗ್ನಲ್ಲಿಗೆ ಹೆಡ್‌ಫೋನ್ ನಡೆಸುವ ಬಲ ಕೊಡುವುದು. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲ್ಲ. ಓದುವವರ ಹತ್ತಿರ ಸೋಲ್ಡರಿಂಗ್ ಐರನ್ನು, ಒಂದೆರಡು ಹೆಡ್‌ಫೋನು, ಮನೆಯವರಿಗೆ ಹೇಳದ ಒಂದೆರಡು ಬಿಲ್ಲು ಇದ್ದೇ ಇರುತ್ತವೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಕಥೆ. 2019ರಲ್ಲಿ ಒಂಬತ್ತು ಸಾವಿರದ ಹತ್ತಿರ ಕೊಟ್ಟು ಇಎಸ್‌ಎಸ್ ಅನ್ನುವ ಕಂಪನಿಯ ಚಿಪ್ ಇರುವ ಒಂದು ಟೇಬಲ್ ಡ್ಯಾಕ್ ತಗೊಂಡೆ. ಚೆನ್ನಾಗಿತ್ತು. ಆಮೇಲೆ ನಾಲ್ಕು ಜನ ಆ ಚಿಪ್ಪಿನ ದನಿ ಚುಚ್ಚುತ್ತದೆ, ಅದೇ "ಸೇಬರ್ ಗ್ಲೇರ್" ಅಂತ ಬರೆದದ್ದನ್ನು ಓದಿದೆ. ಓದಿದ ರಾತ್ರಿಯಿಂದಲೇ ನನಗೂ ಅದು ಕೇಳಿಸಲು ಶುರುವಾಯಿತು. ಹಾಡುವವರ "ಸ" ಅಕ್ಷರ ಕಿವಿಗೆ ಚುಚ್ಚುತ್ತಿತ್ತು. ಸರಿ, ಎಕೆಎಂ ಅನ್ನುವ ಇನ್ನೊಂದು ಕಂಪನಿಯ ಚಿಪ್ಪಿನದು ತಗೊಳ್ಳೋಣ ಅಂದುಕೊಳ್ಳುವಷ್ಟರಲ್ಲಿ 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿದ್ದ ಅವರ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಚಿಪ್ ಸಿಗುವುದೇ ಕಷ್ಟವಾಯಿತು. ಇನ್ನು ಮುಂದೆ ಆ "ವೆಲ್ವೆಟ್ ಸೌಂಡ್" ಸಿಗುವುದೇ ಇಲ್ಲ ಅಂತ ಎಲ್ಲರೂ ಎದೆ ಬಡಿದುಕೊಂಡರು. ನಾನೂ ಬಡಿದುಕೊಂಡೆ. ಸೆಕೆಂಡ್ ಹ್ಯಾಂಡ್ ಒಂದನ್ನು ಹೊಸದರ ಬೆಲೆಗಿಂತ ಎರಡು ಸಾವಿರ ಜಾಸ್ತಿ ಕೊಟ್ಟು ಕೊಂಡೆ. ಹೌದು, ಹಳೆಯದಕ್ಕೆ ಹೊಸದಕ್ಕಿಂತ ಜಾಸ್ತಿ. ಆಮೇಲೆ ಮೂವತ್ತೆರಡು ಸಾವಿರದ ಒಂದು ದೊಡ್ಡ ಡ್ಯಾಕ್ ಬಂತು. ಹೊರದೇಶದಿಂದ ತರಿಸಿದ್ದು, ಸುಂಕವೂ ಸೇರಿ ಆ ಬೆಲೆ. ಮಧ್ಯದಲ್ಲಿ ಮೂರೋ ನಾಲ್ಕೋ ಡಾಂಗಲ್ಲು (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಡ್ಯಾಕು), ಎರಡು ಐಇಎಂ (ಕಿವಿಯೊಳಗೆ ಕೂರುವ ಇಯರ್‌ಫೋನು). ಒಟ್ಟು ಎಂಬತ್ತು ಸಾವಿರ ದಾಟಿರಬೇಕು. ಮನೆಯಲ್ಲಿ ಹೇಳಿರುವ ಲೆಕ್ಕ ಬೇರೆ.

ಮೂವತ್ತೆರಡು ಸಾವಿರದ್ದು ಬಂದ ದಿನ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿನಲ್ಲಿ ಕೇಳಿದರೆ ಮೃದಂಗದ ತೊಪ್ಪಿ ಎದೆಗೇ ಬಡಿದ ಹಾಗೆ. ಒಂಬತ್ತು ಸಾವಿರದ್ದಕ್ಕೆ ವಾಪಸ್ ಹಾಕಿದರೆ ಸಪ್ಪೆ. ಮೂರು ವಾರ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಡಾಕ್ಟ್ರು ನನ್ನ ಮಾತು ಕೇಳಿ ತಾವೂ ಅದನ್ನೇ ಆರ್ಡರ್ ಮಾಡಿದರು. ಈ ವಿಷಯ ಅವರು ಈಗಲೂ ಎತ್ತಿ ಆಡುತ್ತಾರೆ.

ಆಮೇಲೆ ಸುಮ್ನೆ ಕುತೂಹಲಕ್ಕೆ ಎರಡರ ಲೈನ್ ಔಟ್, ಅಂದರೆ ಡ್ಯಾಕಿನಿಂದ ಆಂಪಿಗೆ ಹೋಗುವ ಸಿಗ್ನಲ್ ಅಳೆದೆ. ಅಳೆಯಲು ಹೋಗಿದ್ದು ನಮ್ಮ ಹಳದಿ ಮಲ್ಟಿಮೀಟರ್‌ನಲ್ಲಿ. ಎಲ್ಲರ ಮನೆಯಲ್ಲೂ ಇರುವ, ಇನ್ನೂರು ಮುನ್ನೂರು ರೂಪಾಯಿಯ ಅದೇ ಮೀಟರು. ಅದರ ಎಸಿ ರೇಂಜ್ ನೋಡಿದ್ದೀರಾ? ಎರಡೇ: 200 ವೋಲ್ಟು, 750 ವೋಲ್ಟು. ಎರಡು ವೋಲ್ಟ್ ಸಿಗ್ನಲ್ಲಿಗೆ ಅದು 2.0 ಅಂತಲೋ 2.1 ಅಂತಲೋ ತೋರಿಸಿ ಕೈತೊಳೆದುಕೊಳ್ಳುತ್ತದೆ. ಒಂದು ವೋಲ್ಟಿನ ಹತ್ತಿರ ಅಳೆದರೆ 1.0ಕ್ಕೂ 1.1ಕ್ಕೂ ನಡುವೆ ಏನಿದೆಯೋ ಆ ಮೀಟರಿಗೆ ಗೊತ್ತಿಲ್ಲ. ಅಷ್ಟರಲ್ಲೇ 0.8 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಮುಳುಗಿಹೋಗಿರುತ್ತದೆ. ಕಿವಿಗೆ 0.8 ಡಿಬಿ "ಜೋರು" ಅಂತ ಕೇಳಿಸಲ್ಲ. "ಚೆನ್ನಾಗಿದೆ" ಅಂತ ಕೇಳಿಸುತ್ತದೆ. ನನಗೆ ಎಂಬತ್ತು ಸಾವಿರ ಖರ್ಚಾಗಿದ್ದು ಇದೇ ಜಾಗದಲ್ಲಿ.

ಮೂರು ಸಾವಿರ ಕೊಟ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ 6000 ಕೌಂಟಿನ ಟ್ರೂ ಆರ್‌ಎಂಎಸ್ ಮೀಟರ್ ತಂದೆ. ಈ ಹವ್ಯಾಸದಲ್ಲಿ ನಾನು ಮಾಡಿದ ಒಳ್ಳೆಯ ಖರ್ಚು ಅದೊಂದೇ. 1 ಕಿಲೋಹರ್ಟ್ಜ್ ಸೈನ್ ವೇವ್ ಫುಲ್ ಸ್ಕೇಲಿನಲ್ಲಿ ಬಿಟ್ಟು ನೋಡಿದರೆ ಒಂಬತ್ತು ಸಾವಿರದ್ದು 2 ವೋಲ್ಟ್, ಮೂವತ್ತೆರಡು ಸಾವಿರದ್ದು 2.3 ವೋಲ್ಟ್. ಅಂದರೆ 1.2 ಡಿಬಿ. ಮೃದಂಗ ಎದೆಗೆ ಬಡಿದಿದ್ದು ಯಾಕೆ ಅಂತ ಗೊತ್ತಾಯಿತಲ್ವಾ?

ಇದನ್ನು ಗುಂಪಿನಲ್ಲಿ ಹೇಳಿದೆ. ಯಾರೂ ಒಪ್ಪಲಿಲ್ಲ. ಮೇಷ್ಟ್ರು ಇಪ್ಪತ್ತೈದು ವರ್ಷದಿಂದ ಕೇಳುತ್ತಿರುವವರು. "ವಾಲ್ಯೂಮ್ ಬೇರೆ, ಜೀವ ಬೇರೆ ಕಣಯ್ಯ. ಜೀವಾನ ಮೀಟರ್‌ನಲ್ಲಿ ಅಳೀತೀಯಾ?" ಅಂದರು. ಡಾಕ್ಟ್ರಿಗೆ ತಾವು ಆಗಲೇ ದುಡ್ಡು ಕೊಟ್ಟಾಗಿದೆ ಅನ್ನುವ ಸಂಕಟ. ಸರಿ, ಹಾಗಾದರೆ ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಯಾವುದು ಅಂತ ಗೊತ್ತಾಗದ ಹಾಗೆ ಬದಲಾಯಿಸುವ ಒಂದು ಪೆಟ್ಟಿಗೆ ಮಾಡುತ್ತೇನೆ ಅಂದೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಒಂದೂವರೆ ವರ್ಷ ಹಿಡಿಯಿತು.

ಲೆಕ್ಕಾಚಾರ ಸುಲಭ. ಕಂಪ್ಯೂಟರಿನಿಂದ ಒಂದು ಆಪ್ಟಿಕಲ್ ಔಟ್ (ಸಿಗ್ನಲ್ ಬೆಳಕಾಗಿ ಹೋಗುವುದು), ಅದಕ್ಕೆ ಆರುನೂರು ಚಿಲ್ಲರೆ ರೂಪಾಯಿಯ ಸ್ಪ್ಲಿಟರ್, ಅಲ್ಲಿಂದ ಎರಡೂ ಡ್ಯಾಕಿಗೆ ಒಂದೊಂದು ಕೇಬಲ್. ಆಪ್ಟಿಕಲ್ಲೇ ಯಾಕೆ ಅಂದರೆ ಎರಡೂ ಡ್ಯಾಕು ಒಂದೇ ಗಡಿಯಾರ ಹಿಡಿದು ಹೋಗುತ್ತವೆ. ಯುಎಸ್‌ಬಿಯಲ್ಲಿ ಎರಡನ್ನು ಒಟ್ಟಿಗೆ ಓಡಿಸಿ ನೋಡಿದ್ದೆ. ಶುರುವಿನಲ್ಲಿ ಜೊತೆಗೇ ಹೋಗುತ್ತವೆ. ಸ್ವಲ್ಪ ಹೊತ್ತಿಗೆ ಒಂದು ಹಿಂದೆ ಬೀಳುತ್ತದೆ, ಬದಲಾಯಿಸಿದಾಗ ತಾಳ ಎಡವುತ್ತದೆ, ಯಾವುದು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಡ್ಯಾಕ್‌ಗಳ ಲೈನ್ ಔಟಿನಿಂದ ಮಟ್ಟ ಹೊಂದಿಸಲು ನಾಲ್ಕು ಮಲ್ಟಿಟರ್ನ್ ಟ್ರಿಮ್‌ಪಾಟ್. ಎಡಕ್ಕೊಂದು ಬಲಕ್ಕೊಂದು ಬೇಕೇಬೇಕು, ಎರಡೂ ಚಾನೆಲ್ ಸಮ ಇರುವ ಡ್ಯಾಕು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಅಲ್ಲಿಂದ ಒಂದು ಸಿಗ್ನಲ್ ರಿಲೇ (ಕರೆಂಟ್ ಕೊಟ್ಟರೆ ಬದಲಾಗುವ ಸ್ವಿಚ್ಚು), ಅಲ್ಲಿಂದ ಒಂದೇ ಆಂಪ್, ಒಂದೇ ಹೆಡ್‌ಫೋನ್. ರಿಲೇ ನಡೆಸಲು ಮಗಳ ಸ್ಕೂಲ್ ಪ್ರಾಜೆಕ್ಟಿನ ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. ಎ, ಬಿ, ಎಕ್ಸ್ ಅಂತ ಮೂರು ಬಟನ್. ಎಕ್ಸ್ ಒತ್ತಿದಾಗ ಬರುವುದು ಎ ಇರಬಹುದು, ಬಿ ಇರಬಹುದು. ಯಾವುದು ಅಂತ ಹದಿನಾರು ಸಲ ಹೇಳಬೇಕು. ಹದಿನಾರಕ್ಕೆ ಹನ್ನೆರಡು ಸರಿ ಬಂದರೆ ನನ್ನ ಲೆಕ್ಕದಲ್ಲಿ ಪಾಸ್. ಬರೀ ಅದೃಷ್ಟದಲ್ಲಿ ಅಷ್ಟು ಬರುವುದು ನೂರಕ್ಕೆ ನಾಲ್ಕು ಸಲ ಮಾತ್ರ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಮೊದಲ ಸಲ ಒಬ್ಬ ಅಂಗಡಿಯವನು 5 ವೋಲ್ಟ್ ರಿಲೇ ಕೇಳಿದರೆ 12 ವೋಲ್ಟಿನದು ಕೊಟ್ಟ. ಮನೆಗೆ ಬಂದು ಒಂದು ಗಂಟೆ ಕೋಡ್ ತಿದ್ದುತ್ತಾ ಕೂತಿದ್ದೆ, ರಿಲೇ ಮೇಲೆ ಬರೆದದ್ದನ್ನು ಓದಿರಲಿಲ್ಲ. ತಪ್ಪು ಅರ್ಧ ನನ್ನದೇ.

ಮೊದಲು ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದೆ. ಗುಂಯ್ ಅಂತ ಸದ್ದು. ಲೋಹದ ಪೆಟ್ಟಿಗೆ ಬೇಕು ಅಂತ ಗೊತ್ತಿತ್ತು, ಆದರೆ ಒಳ್ಳೆಯ ಅಲ್ಯೂಮಿನಿಯಂ ಕೇಸಿಗೆ ಎರಡು ಸಾವಿರ ಹೇಳಿದರು. ಅಡುಗೆಮನೆಯಲ್ಲಿ ಅವಲಕ್ಕಿ ತುಂಬಿಡುವ ಸ್ಟೀಲ್ ಡಬ್ಬಿ ಕಣ್ಣಿಗೆ ಬಿತ್ತು. ಸ್ಟೀಲಿಗೆ ತೂತು ಕೊರೆಯುವುದು ಸುಲಭ ಅಲ್ಲ ಸ್ವಾಮಿ. ಡ್ರಿಲ್ ಜಾರಿ ಹೆಬ್ಬೆರಳಿಗೆ ಗಾಯ. ಆಮೇಲೆ ಅರ್ತ್ ವೈರನ್ನು ಡಬ್ಬಿಗೆ ಬೆಸೆಯಲು ಹೋದರೆ ಸೀಸ ಮುತ್ತಿನ ಹಾಗೆ ಉರುಳಿಹೋಗುತ್ತದೆ, ಹಿಡಿಯುವುದಿಲ್ಲ. ಮಾಮೂಲಿ ಫ್ಲಕ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಬಗ್ಗುವುದಿಲ್ಲ. ಒಂದು ಸ್ಕ್ರೂ, ಒಂದು ಟ್ಯಾಗು ಹಾಕಿ ಬಿಗಿ ಮಾಡಿದೆ. ಗುಂಯ್ ಅನ್ನೋದು ಮುಕ್ಕಾಲು ಪಾಲು ಹೋಯಿತು. ಮನೆಯವರು ಹೊಸ ಡಬ್ಬಿ ತಗೊಂಡರು. ಅದರ ದುಡ್ಡನ್ನೂ ಡ್ಯಾಕಿನ ಲೆಕ್ಕಕ್ಕೇ ಸೇರಿಸಿದ್ದಾರೆ.

ಉಳಿದ ಕಾಲು ಪಾಲು ಗುಂಯ್ ಎಲ್ಲಿಂದ ಬರುತ್ತಿದೆ ಅಂತ ಎರಡು ತಿಂಗಳು ಹುಡುಕಿದೆ. ಕೇಬಲ್ ಬದಲಾಯಿಸಿದೆ, ಗ್ರೌಂಡ್ ಬದಲಾಯಿಸಿದೆ, ಅಡಾಪ್ಟರ್ ಬದಲಾಯಿಸಿದೆ. ಒಂದು ರಾತ್ರಿ ಕೇಳುತ್ತಾ ಕೂತಿದ್ದಾಗ ಕರೆಂಟ್ ಹೋಯಿತು. ಆಂಪ್ ಮತ್ತು ಡ್ಯಾಕು ಯುಪಿಎಸ್ ಮೇಲಿದ್ದವು, ಲ್ಯಾಪ್‌ಟಾಪ್ ಬ್ಯಾಟರಿಗೆ ಹೋಯಿತು. ಫ್ಯಾನ್ ನಿಂತಿತು, ಬೀದಿ ದೀಪ ಹೋಯಿತು, ಅದರ ಜೊತೆಗೆ ಕಿವಿಯಲ್ಲಿದ್ದ ಗುಂಯ್ ಕೂಡ ಹೋಯಿತು. ಕತ್ತಲಲ್ಲಿ ತಂಬೂರಿ ಒಂದೇ ಉಳಿಯಿತು. ಹಾಗೇ ಐದು ನಿಮಿಷ ಕೂತಿದ್ದೆ. ಕರೆಂಟ್ ಬಂತು, ಗುಂಯ್ ಬಂತು. ಎದ್ದು ಹೋಗಿ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ. ನಿಶ್ಶಬ್ದ. ಆ ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತಿದ್ದದ್ದು ಆಗ ನೆನಪಾಯಿತು. ಮಾರನೇ ದಿನ ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ, "ಸಾರ್, ಮೂರನೇ ಪಿನ್ನಿಗೆ ವೈರೇ ಇಲ್ಲ" ಅಂದ. ಮನೆ ಕಟ್ಟಿಸಿ ಹದಿನಾಲ್ಕು ವರ್ಷ ಆಗಿತ್ತು. ಐದು ಸಾವಿರ, ಹತ್ತು ಸಾವಿರದ ಪವರ್ ಫಿಲ್ಟರ್ ನೋಡುತ್ತಿರುವವರು ಮೊದಲು ಸಾಕೆಟ್ ಬಿಚ್ಚಿಸಿ ನೋಡಿ. ನನಗೆ ವೈರು, ಕೂಲಿ ಎಲ್ಲ ಸೇರಿ ನಾನೂರೈವತ್ತಾಯಿತು.

ಪೆಟ್ಟಿಗೆ ಮೊದಲ ಸಲ ಪೂರ್ತಿ ಓಡಿದ ದಿನ ನಾನು ಒಬ್ಬನೇ ಕೂತು ಹದಿನಾರು ಸಲ ಕೇಳಿದೆ. ಹದಿನೈದು ಸರಿ! ಒಂಬತ್ತು ಸಾವಿರದ್ದಕ್ಕೂ ಮೂವತ್ತೆರಡು ಸಾವಿರದ್ದಕ್ಕೂ ಹಗಲು ರಾತ್ರಿ ವ್ಯತ್ಯಾಸ. ಮಟ್ಟ ಸಮ ಮಾಡಿದ ಮೇಲೂ. ಮೇಷ್ಟ್ರಿಗೆ ಫೋನ್ ಮಾಡಿ, "ಸಾರ್, ನೀವು ಹೇಳಿದ್ದೇ ಸರಿ, ಕ್ಷಮಿಸಿ" ಅಂದೆ. ಡಾಕ್ಟ್ರಿಗೂ ಹೇಳಿದೆ, ಅವರು ಮನೆಯವರಿಗೆ ಹೇಳಿದರಂತೆ.

ಎರಡು ದಿನ ಆದ ಮೇಲೆ ಒಂದು ಅನುಮಾನ ಬಂತು. ಹೆಡ್‌ಫೋನ್ ಹಾಕಿಕೊಂಡೆ, ಹಾಡು ಬಿಡದೆ ಬರೀ ಎಕ್ಸ್ ಒತ್ತುತ್ತಾ ಹೋದೆ. ಆಗಲೂ ಹದಿನಾರಕ್ಕೆ ಹದಿನಾರು! ನಾನು ಕೇಳುತ್ತಿದ್ದದ್ದು ರಿಲೇಯನ್ನು. ಕರೆಂಟ್ ಹರಿದು ಕೂರುವಾಗ ಅದು "ಟಕ್" ಅನ್ನುತ್ತದೆ, ಬಿಡುವಾಗ "ಟಿಕ್". ಎಚ್‌ಡಿ 600 ಓಪನ್ ಬ್ಯಾಕ್, ಅಂದರೆ ಹಿಂಬದಿ ತೆರೆದದ್ದು, ಮೇಜಿನ ಮೇಲಿನ ಸದ್ದು ನೇರ ಕಿವಿಗೆ. ನಾನು ಬೇಕೆಂದು ಕೇಳಿರಲಿಲ್ಲ, ಕಿವಿ ತಾನೇ ಕದ್ದು ಕೇಳಿಕೊಂಡಿತ್ತು. ಮೇಷ್ಟ್ರಿಗೆ ಮತ್ತೆ ಫೋನ್ ಮಾಡಬೇಕಾಯಿತು. ಆ ಫೋನಿನ ವಿವರ ಬೇಡ.

ಪರಿಹಾರ ಇದು: ಪಕ್ಕದಲ್ಲಿ ಇನ್ನೊಂದು ದಂಡದ ರಿಲೇ ಇಟ್ಟೆ. ಅದಕ್ಕೆ ಹಾಡು ಹೋಗುವುದಿಲ್ಲ. ಒಂದು ಕೂರುವಾಗ ಇನ್ನೊಂದು ಏಳುತ್ತದೆ, ಹಾಗಾಗಿ ಪ್ರತಿ ಸಲವೂ ಟಕ್ ಟಿಕ್ ಎರಡೂ ಬರುತ್ತವೆ. ಜೊತೆಗೆ ಎಕ್ಸ್ ಒತ್ತಿದಾಗ ಎರಡೂ ಸುಮ್ನೆ ಮೂರೋ ಐದೋ ಸಲ ಕುಣಿದು ಆಮೇಲೆ ನಿಲ್ಲುತ್ತವೆ. ಡಬ್ಬಿಯೊಳಗೆ ಹಳೆ ಟವೆಲ್ ತುರುಕಿದೆ.

ಆಮೇಲೆ ಮತ್ತೆ ಹನ್ನೆರಡು, ಹದಿಮೂರು ಬರತೊಡಗಿತು. ಈ ಸಲ ಮೈಯೆಲ್ಲ ಎಚ್ಚರ. ಏನು ತಪ್ಪು ಅಂತ ಹಿಡಿದಿದ್ದು ಮಗಳು. ಉತ್ತರ ಬರೆದುಕೊಳ್ಳುವ ಕೆಲಸ ಅವಳದು, ಒಂದು ಸಲಕ್ಕೆ ಹತ್ತು ರೂಪಾಯಿ. ಹಳೆ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು, "ಅಪ್ಪಾ, ಪ್ರತಿ ಸಲ ಇದೇ ಸಾಲು ಬರುತ್ತಲ್ಲಾ?" ಅಂದಳು. ಆರ್ಡುಯಿನೊದಲ್ಲಿ ರ್‍ಯಾಂಡಮ್‌ಗೆ ಬೀಜ (ಸೀಡ್, ಶುರುವಿನ ಸಂಖ್ಯೆ) ಹಾಕದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದೇ ಸಾಲು ಕೊಡುತ್ತದೆ. ಇದು ಕೋಡ್ ಬರೆಯುವ ಮಕ್ಕಳಿಗೂ ಗೊತ್ತು. ಸಾಫ್ಟ್‌ವೇರಿನಲ್ಲೇ ಅನ್ನ ತಿನ್ನುವ ನನಗೆ ಹೊಳೆಯಲಿಲ್ಲ. ಇಪ್ಪತ್ತು ಸಲ ಕೂತು ಕೇಳಿದ್ದಕ್ಕೆ ಆ ಸಾಲು ತಲೆಯಲ್ಲಿ ಕೂತುಬಿಟ್ಟಿತ್ತು. ಖಾಲಿ ಬಿಟ್ಟ ಅನಲಾಗ್ ಪಿನ್ನಿನಿಂದ ಬೀಜ ತೆಗೆದುಕೊಳ್ಳುವ ಹಾಗೆ ಒಂದು ಸಾಲು ಸೇರಿಸಿದೆ, ಮುಗಿಯಿತು. ಮಗಳ ಸಂಬಳ ಇಪ್ಪತ್ತಾಯಿತು.

ಇನ್ನೊಂದು ಕಾಟ ಇತ್ತು. ದೊಡ್ಡ ಡ್ಯಾಕಿನ ಔಟಿನಲ್ಲಿ ನಾಲ್ಕೈದು ಮಿಲಿವೋಲ್ಟ್ ಡಿಸಿ ಇತ್ತು, ಸಣ್ಣದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಬದಲಾಯಿಸಿದಾಗ ಕಿವಿಯಲ್ಲಿ ಬಲು ಸಣ್ಣ "ಪುಟ್". ಅದನ್ನು ಹೇಗೆ ನುಂಗಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮೂರನೇ ರಿಲೇ ಒಂದಿದೆ ಅಂತಷ್ಟೇ ಹೇಳುತ್ತೇನೆ. ಅದನ್ನು ಎಲ್ಲಿ ಹಾಕಬೇಕು, ಎಷ್ಟು ಹೊತ್ತು ಮುಚ್ಚಬೇಕು ಅಂತ ಕಂಡುಕೊಳ್ಳಲು ನನಗೆ ಮಳೆಗಾಲ ಪೂರ್ತಿ ಹೋಯಿತು. ನೀವೂ ಸ್ವಲ್ಪ ಒದ್ದಾಡಿ.

ಕೇಳಲು ಏನು ಬಿಡುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಆಡಿಯೊ ಶೋಗಳಲ್ಲಿ ಹಾಕುವ ಇಂಗ್ಲಿಷ್ ಹಾಡುಗಳನ್ನು ಬಿಟ್ಟು ವರ್ಷಗಳಾದವು. ನನ್ನ ಹತ್ತಿರ ಮನೆಯಲ್ಲೇ ರೆಕಾರ್ಡ್ ಮಾಡಿದ ಮೂರು ತುಣುಕುಗಳಿವೆ. ಅಕ್ಕನ ತಂಬೂರಿ, ಜೀವಾಳದ ದಾರ ಸರಿಯಾಗಿ ಕೂತಾಗ ಹೊರಡುವ ಆ ಜೇನ್ನೊಣದ ಝೇಂಕಾರ. ಇದರಲ್ಲಿ ಮೇಲಿನ ಹಾರ್ಮೋನಿಕ್ಸ್ ಎಳೆ ಎಳೆಯಾಗಿ ಇರುತ್ತವೆ, ನಿಂತಲ್ಲೇ ನಿಂತಿರುತ್ತವೆ, ಹಾಗಾಗಿ ಹೋಲಿಸುವುದು ಸುಲಭ. ಎರಡನೆಯದು ಮಗಳ ಭರತನಾಟ್ಯದ ಗೆಜ್ಜೆ, ಮೈಕಿನಿಂದ ಎರಡಡಿ ದೂರದಲ್ಲಿ ಒಂದೇ ಸಲ ಜೋರಾಗಿ ಕೊಡವಿದ್ದು. ಬೀಗದ ಕೈ ಗೊಂಚಲು ಅಲ್ಲಾಡಿಸಿ ಕೇಳುವುದು ಹಳೆಯ ಪದ್ಧತಿ, ಗೆಜ್ಜೆ ಅದಕ್ಕಿಂತ ಚೆನ್ನಾಗಿದೆ. ಮೂರನೆಯ ತುಣುಕು ಯಾವುದು ಅಂತ ಮೇಷ್ಟ್ರಿಗೂ ಹೇಳಿಲ್ಲ. ಹತ್ತು ಸೆಕೆಂಡ್ ಇದೆ, ಅಷ್ಟೇ.

ಈಗ ಅಸಲು ಫಲಿತಾಂಶ. ಮಟ್ಟವನ್ನು 0.1 ಡಿಬಿ ಒಳಗೆ ತಂದೆ. ಅಂದರೆ ಒಂದು ವೋಲ್ಟಿಗೆ ಹತ್ತು ಹನ್ನೊಂದು ಮಿಲಿವೋಲ್ಟ್ ವ್ಯತ್ಯಾಸ. ಒಂಬತ್ತು ಸಾವಿರದ ಇಎಸ್‌ಎಸ್ ಮತ್ತು ಮೂವತ್ತೆರಡು ಸಾವಿರದ್ದು. ನನಗೆ ಹದಿನಾರಕ್ಕೆ ಒಂಬತ್ತು. ಮೇಷ್ಟ್ರಿಗೆ ಎಂಟು. ಡಾಕ್ಟ್ರಿಗೆ ಏಳು. ಮೂವರದೂ ಸೇರಿಸಿದರೆ ನಲವತ್ತೆಂಟಕ್ಕೆ ಇಪ್ಪತ್ತನಾಲ್ಕು, ಸರಿಯಾಗಿ ಅರ್ಧ. ಕಾಯಿನ್ ಚಿಮ್ಮಿದ್ದರೆ ಇಷ್ಟೇ ಬರುತ್ತಿತ್ತು, ಜೊತೆಗೆ ಕಾಫಿ ತಿಂಡಿಯ ಖರ್ಚು ಉಳಿಯುತ್ತಿತ್ತು. ಎಕೆಎಂ ಚಿಪ್ಪಿನದನ್ನು ಹಾಕಿದೆವು. ಅದೇ ಕಥೆ. ವೆಲ್ವೆಟ್ಟೂ ಇಲ್ಲ, ಗ್ಲೇರೂ ಇಲ್ಲ. ನನಗೆ ಚುಚ್ಚುತ್ತಿದ್ದ ಆ "ಸ" ಎರಡರಲ್ಲೂ ಒಂದೇ ಸಮ ಚುಚ್ಚುತ್ತಿತ್ತು. ಅದು ರೆಕಾರ್ಡಿಂಗಿನಲ್ಲೇ ಇತ್ತು.

ಮೇಷ್ಟ್ರು "ಮೋಸ" ಅಂದಿದ್ದು ಆಗ. ಪೆಟ್ಟಿಗೆಯೇ ದನಿ ಕೆಡಿಸುತ್ತಿದೆ, ರಿಲೇ ಮತ್ತು ಟ್ರಿಮ್‌ಪಾಟ್ ಸೇರಿ ಎರಡನ್ನೂ ಒಂದೇ ಥರ ಹಾಳು ಮಾಡುತ್ತಿವೆ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಒಂದು ದಿನ ಪೆಟ್ಟಿಗೆಯ ಮೂಲಕ ಒಮ್ಮೆ, ಬರೀ ಕೇಬಲ್ಲಿನಲ್ಲಿ ಒಮ್ಮೆ ರೆಕಾರ್ಡ್ ಮಾಡಿ, ಮಟ್ಟ ಸರಿಮಾಡಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಿದೆ. ಎರಡೂ ಒಂದೇ ಆಗಿದ್ದರೆ ಏನೂ ಉಳಿಯಬಾರದು. ಉಳಿದದ್ದು ಮೈನಸ್ 70 ಡಿಬಿಗಿಂತ ಕೆಳಗೆ. ಅವರಿಗೆ ಗ್ರಾಫ್ ತೋರಿಸಿದೆ. "ಗ್ರಾಫ್ ಕೇಳಿಸಲ್ಲ ಕಣಯ್ಯ" ಅಂದರು. ಆ ಉಳಿದದ್ದನ್ನೇ ಹೆಡ್‌ಫೋನಿನಲ್ಲಿ ಕೇಳಿಸಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ದೂರದಲ್ಲಿ ಇರುವೆ ನಡೆದಷ್ಟು ಸದ್ದು. ಅವರು ಮಾತಾಡಲಿಲ್ಲ. ಆದರೆ ಮುಂದಿನ ವಾರ ತಮ್ಮ ಮನೆಯಿಂದ ಒಂದು ಚೀಲ ಹಿಡಿದುಕೊಂಡು ಬಂದರು.

ಚೀಲದಲ್ಲಿ ಅವರ ಆರ್-2ಆರ್, ಅಂದರೆ ರೆಸಿಸ್ಟರ್‌ಗಳ ಏಣಿಯಿಂದ ಮಾಡಿದ, ಡ್ಯಾಕ್ ಇತ್ತು. ಎನ್‌ಒಎಸ್, ಅಂದರೆ ಓವರ್‌ಸ್ಯಾಂಪ್ಲಿಂಗ್ (ನಡುನಡುವೆ ಬಿಂದು ತುಂಬಿ ನುಣುಪು ಮಾಡುವುದು) ಇಲ್ಲ, ಡಿಜಿಟಲ್ ಫಿಲ್ಟರ್ ಇಲ್ಲ. ನಲವತ್ತು ಸಾವಿರದ ಮೇಲೆ ಕೊಟ್ಟಿದ್ದಾರೆ. ದನಿ "ಬೆಚ್ಚಗಿದೆ", "ತಾಮ್ರದ ಬಿಂದಿಗೆಯ ನೀರಿನ ಹಾಗೆ" ಅಂತೆಲ್ಲ ಹೇಳುತ್ತಾರೆ. ಒಂಬತ್ತು ಸಾವಿರದ್ದರ ಎದುರು ಕೂರಿಸಿದೆವು. ಮೇಷ್ಟ್ರಿಗೆ ಹದಿನಾರಕ್ಕೆ ಹದಿಮೂರು! ನನಗೆ ಹನ್ನೊಂದು. ಮಗಳನ್ನು ಕೂರಿಸಿದೆವು, ಅವಳು ತಿಂಡಿ ತಿನ್ನುತ್ತಲೇ ಹದಿನಾರಕ್ಕೆ ಹದಿನಾರು ಹೇಳಿ ಎದ್ದು ಹೋದಳು. "ಒಂದರಲ್ಲಿ ಗೆಜ್ಜೆಗೆ ಬಟ್ಟೆ ಸುತ್ತಿದ ಹಾಗಿದೆ, ಅಷ್ಟೇ" ಅಂದಳು. ಮೇಷ್ಟ್ರ ಮುಖ ನೋಡಬೇಕಿತ್ತು. ಗೆದ್ದ ಖುಷಿ ಒಂದು ಕಡೆ, ಬಟ್ಟೆ ಅಂದಳಲ್ಲ ಅನ್ನುವ ಸಿಟ್ಟು ಇನ್ನೊಂದು ಕಡೆ.

ಮಗಳು ಹೇಳಿದ್ದೇ ಸರಿ. ಸಿ.ಡಿ.ಯ 44.1 ಕಿಲೋಹರ್ಟ್ಜ್ ಫೈಲನ್ನು ಫಿಲ್ಟರ್ ಇಲ್ಲದೆ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟರೆ ಮೇಲಿನ ಸ್ವರ ತಾನಾಗಿ ಇಳಿಯುತ್ತದೆ. 10 ಕಿಲೋಹರ್ಟ್ಜ್‌ನಲ್ಲಿ ಮುಕ್ಕಾಲು ಡಿಬಿ, 15ರಲ್ಲಿ 1.7, 20ರಲ್ಲಿ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಇದು ಲೆಕ್ಕದಲ್ಲೇ ಇದೆ. ನನ್ನ ಮೀಟರ್ ಅಷ್ಟು ಮೇಲೆ ನಂಬುವ ಹಾಗಿಲ್ಲ, ರೆಕಾರ್ಡ್ ಮಾಡಿ ನೋಡಿದರೂ ಹೆಚ್ಚು ಕಡಿಮೆ ಹಾಗೇ ಬಂತು. ಮಗಳಿಗೆ 17 ಕಿಲೋಹರ್ಟ್ಜ್‌ವರೆಗೂ ಕೇಳಿಸುತ್ತದೆ. ನನಗೆ 14ರ ಹತ್ತಿರ ಬಾಗಿಲು ಮುಚ್ಚಿದೆ. ಮೇಷ್ಟ್ರಿಗೆ ಎಷ್ಟು ಅಂತ ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ಹದಿಮೂರು ಹಿಡಿದದ್ದು ಸಣ್ಣ ಮಾತಲ್ಲ, ಅವರ ಕಿವಿ ಪಳಗಿದ್ದು. ಈ ಮಾತನ್ನು ಅವರೆದುರು ಇನ್ನೂ ಹೇಳಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಡಬ್ಬಿ ಬಿಚ್ಚಿದೆ. ಒಂಬತ್ತು ಸಾವಿರದ ಡ್ಯಾಕಿನ ದಾರಿಯಲ್ಲಿ ಚಾನೆಲ್ಲಿಗೆ ಒಂದು 1 ಕಿಲೋ ಓಮ್ ರೆಸಿಸ್ಟರ್, ಅದರ ಮುಂದೆ ಗ್ರೌಂಡಿಗೆ 6.8 ನ್ಯಾನೊಫ್ಯಾರಡ್ ಮತ್ತು 1 ನ್ಯಾನೊಫ್ಯಾರಡ್ ಜೋಡಿಸಿ ಹಾಕಿದೆ. ಕೆಪಾಸಿಟರ್ ತಲಾ ಎರಡು ರೂಪಾಯಿ. ರೆಸಿಸ್ಟರ್ ಕೆಪಾಸಿಟರಿನ ಈ ಒಂದು ಜೋಡಿ ಮೇಲಿನ ಸ್ವರವನ್ನು ಸುಮಾರು ಅದೇ ಆಕಾರದಲ್ಲಿ ಇಳಿಸುತ್ತದೆ. ತೀರಾ ಕರಾರುವಾಕ್ ಅಲ್ಲ, ಆದರೆ ಹತ್ತಿರ. ಮಟ್ಟವನ್ನು ಮತ್ತೆ ಮೀಟರ್ ಹಿಡಿದು ಸಮ ಮಾಡಿದೆ. ಮುಂದಿನ ಭಾನುವಾರ ಏನೂ ಹೇಳದೆ ಮೇಷ್ಟ್ರನ್ನು ಕೂರಿಸಿದೆ. ಹದಿನಾರಕ್ಕೆ ಎಂಟು. ಮಗಳಿಗೆ ಹತ್ತು, ಅವಳೂ ತಲೆ ಕೆರೆದುಕೊಂಡಳು. "ನನ್ನ ಡ್ಯಾಕ್ ಕೆಟ್ಟಿದೆಯಾ?" ಅಂತ ಮೇಷ್ಟ್ರು ಗಾಬರಿಯಾದರು. ಇಲ್ಲ ಸಾರ್, ಆ ಕಡೆಯದು ಬೆಚ್ಚಗಾಗಿದೆ ಅಂದೆ. ಡಬ್ಬಿ ಬಿಚ್ಚಿ ಕೆಪಾಸಿಟರ್ ತೋರಿಸಿದೆ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. "ಎಲ್ಲಿ ಸಿಗುತ್ತೆ ಇದು?" ಅಂದರು ಕೊನೆಗೆ.

ಅಲ್ಲಿಗೂ ಮುಗಿಯಲಿಲ್ಲ. ಅವಸರದಲ್ಲಿ ಬದಲಾಯಿಸಿ ಕೇಳಿದರೆ ಏನೂ ಗೊತ್ತಾಗಲ್ಲ, ವಾರಗಟ್ಟಲೆ ಜೊತೆಗೆ ಬದುಕಬೇಕು ಅನ್ನುವುದು ಹಳೆಯ ವಾದ. ಆ ವಾದಕ್ಕೆ ನಾನು ಮೊದಲೇ ಉತ್ತರ ಕೊಟ್ಟಾಗಿತ್ತು. ಒಂಬತ್ತರದ್ದು, ಮೂವತ್ತೆರಡರದ್ದು, ಡಬ್ಬಿ ಎಲ್ಲವನ್ನೂ ಮೇಷ್ಟ್ರ ಮನೆಯಲ್ಲಿ ಎರಡು ತಿಂಗಳು ಇಟ್ಟಿದ್ದೆ. ಪ್ರತಿ ಭಾನುವಾರ ಮಗಳು ಹೋಗಿ ಕಾಯಿನ್ ಹಾಕಿ, ಡಬ್ಬಿಯೊಳಗಿನ ಒಂದು ಸ್ವಿಚ್ ಇಟ್ಟು, ಮುಚ್ಚಳಕ್ಕೆ ಟೇಪ್ ಅಂಟಿಸಿ ಬರುತ್ತಿದ್ದಳು. ವಾರ ಪೂರ್ತಿ ಕೇಳಿ ಯಾವುದು ಅಂತ ಬರೆದಿಡಬೇಕು. ಎಂಟು ವಾರಕ್ಕೆ ನಾಲ್ಕು ಸರಿ. ಒಂದು ವಾರವಂತೂ ಒಂಬತ್ತು ಸಾವಿರದ್ದನ್ನು ಕೇಳಿ "ಇದೇ ದೊಡ್ಡದು, ಅನುಮಾನವೇ ಇಲ್ಲ" ಅಂತ ಎರಡು ಗೆರೆ ಎಳೆದಿದ್ದರು. ಆ ಚೀಟಿ ನನ್ನ ಪರ್ಸಿನಲ್ಲಿದೆ.

ಹಾಗಂತ ಎಲ್ಲವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಐಇಎಂ ಹಾಕುವವರಿಗೆ ವ್ಯತ್ಯಾಸ ಜೋರಾಗಿಯೇ ಕೇಳಿಸುತ್ತದೆ, ಆದರೆ ಅದಕ್ಕೆ ಕಾರಣ ಡ್ಯಾಕ್ ಚಿಪ್ ಅಲ್ಲ. ನನ್ನ ಹತ್ತಿರ ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಸ್ಪೀಕರು) ಇರುವ ಒಂದು ಜೊತೆ ಇದೆ. ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಮಧ್ಯದ ಸ್ವರದಲ್ಲಿ 30 ಓಮ್ ಇದ್ದರೆ ಮೇಲೆ ಹೋಗುತ್ತಾ 8ಕ್ಕೆ ಬೀಳುತ್ತದೆ. ಹಳೆಯ ಒಂದು ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 10 ಓಮ್. ಲೆಕ್ಕ ಹಾಕಿ, ಮೇಲಿನ ಸ್ವರ ನಾಲ್ಕೂವರೆ ಡಿಬಿ ಕುಸಿಯುತ್ತದೆ. ಇದನ್ನು ಕೇಳಿಸಿಕೊಳ್ಳಲು ಡಬ್ಬಿಯೂ ಬೇಡ, ಮಗಳೂ ಬೇಡ. ಒಂದು ಓಮ್ ಒಳಗಿರುವ ಡಾಂಗಲ್‌ಗೆ ಹಾಕಿದರೆ ಮುಕ್ಕಾಲು ಡಿಬಿಗೆ ಇಳಿಯುತ್ತದೆ. ಅದೇ 10 ಓಮ್ ಆಂಪಿಗೆ 300 ಓಮಿನ ಎಚ್‌ಡಿ 600 ಹಾಕಿದರೆ ಏನೂ ಆಗುವುದಿಲ್ಲ. ಹೀಗಾಗಿ ಇಬ್ಬರು ಒಂದೇ ಆಂಪಿನ ಬಗ್ಗೆ ಜಗಳ ಆಡಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಯಾವ ಹೆಡ್‌ಫೋನ್ ಅಂತ ಮೊದಲು ಕೇಳಿ. ಹಿಸ್ ಕೂಡ ಹಾಗೇ. ನನ್ನ ಹಳೆಯ ಲ್ಯಾಪ್‌ಟಾಪಿನ ಜಾಕಿನಲ್ಲಿ ಈ ಐಇಎಂ ಹಾಕಿದರೆ ಒಗ್ಗರಣೆ ಸದ್ದು, ಎಚ್‌ಡಿ 600 ಹಾಕಿದರೆ ಮೌನ.

ಡಾಂಗಲ್‌ಗಳಿಗೆ ಆಪ್ಟಿಕಲ್ ಇಲ್ಲ, ಹಾಗಾಗಿ ಅವನ್ನು ಡಬ್ಬಿಯಲ್ಲಿ ಕೂರಿಸಲು ಆಗಲಿಲ್ಲ. ಆಡಿಯೊ ಇಂಟರ್‌ಫೇಸ್‌ಗೆ ಕೊಟ್ಟು 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಫೂಬಾರ್ ಅನ್ನುವ ಸಾಫ್ಟ್‌ವೇರಿನ ಎಬಿಎಕ್ಸ್‌ನಲ್ಲಿ (ಡಬ್ಬಿಯ ಅದೇ ಎ, ಬಿ, ಎಕ್ಸ್ ಪರೀಕ್ಷೆ) ಕೇಳಿದೆವು. ಸಾವಿರದ ಆಸುಪಾಸಿನ ಒಂದು ಡಾಂಗಲ್ಲನ್ನು ಮೂವತ್ತೆರಡು ಸಾವಿರದ್ದರಿಂದ ಬೇರೆ ಮಾಡಿ ಹೇಳಿದವರು ಇನ್ನೂ ಯಾರೂ ಇಲ್ಲ. ವೋಲ್ಟೇಜ್ ಕಡಿಮೆ ನಿಜ, ಒಂದು ವೋಲ್ಟ್ ಅಷ್ಟೇ. ಬಹಳ ಹೊತ್ತು ಓಡಿಸಿ ಪಳಗಿಸಿದರೆ ದನಿ ಸುಧಾರಿಸುತ್ತದೆ ಅನ್ನುವ ಬರ್ನ್ ಇನ್ ಕೂಡ ನೋಡಿದೆ. ಒಂದೇ ದಿನ ಕೊಂಡ ಎರಡು ಡಾಂಗಲ್. ಒಂದಕ್ಕೆ ಮುನ್ನೂರು ಗಂಟೆ ಪಿಂಕ್ ನಾಯ್ಸ್ ಉಣಿಸಿದೆ, ಇನ್ನೊಂದು ತನ್ನ ಪ್ಯಾಕಿನಲ್ಲೇ ಮಲಗಿತ್ತು. ಏನೂ ಇಲ್ಲ. ಯುಎಸ್‌ಬಿ ಕೇಬಲ್ ಬಗ್ಗೆ ಕೇಳಬೇಡಿ, ಒಂದು ಶನಿವಾರ ಹಾಳಾಯಿತು.

ಮೂವತ್ತೆರಡು ಸಾವಿರದ್ದನ್ನು ಇಪ್ಪತ್ತೊಂದಕ್ಕೆ ಮಾರಿದೆ. ಕೊಂಡವರಿಗೆ ಇದನ್ನೆಲ್ಲ ಹೇಳಿದೆ, ನಕ್ಕು ತಗೊಂಡು ಹೋದರು. ಎಕೆಎಂನದು ಇನ್ನೂ ಇದೆ. ಆ ಬೆಲೆಗೆ ಕೊಂಡದ್ದು, ಮಾರಲು ಮನಸ್ಸು ಬರುತ್ತಿಲ್ಲ. ಡಾಕ್ಟ್ರು ತಮ್ಮದನ್ನು ಮಾರುವುದಿಲ್ಲ ಅಂತ ಹಟ ಹಿಡಿದಿದ್ದಾರೆ, ನೋಡಲು ಚೆನ್ನಾಗಿದೆಯಂತೆ. ಅದಕ್ಕೆ ನನ್ನ ತಕರಾರಿಲ್ಲ, ನಿಜವಾಗಿಯೂ ಚೆನ್ನಾಗಿದೆ.

ಡಬ್ಬಿ ಈ ವಾರ ಡಾಕ್ಟ್ರ ಮನೆಯಲ್ಲಿದೆ. ಯಾರೋ ಸ್ನೇಹಿತರದು ವಾಲ್ವ್ ಔಟ್‌ಪುಟ್ ಇರುವ ಡ್ಯಾಕ್ ಬರುತ್ತಿದೆಯಂತೆ, ಭಾನುವಾರ ಬನ್ನಿ ಅಂದಿದ್ದಾರೆ. ಎಸ್‌ಪಿ ರೋಡಿನಿಂದ 6.8ರದ್ದು, 1ರದ್ದು ಹತ್ತತ್ತು ಕೆಪಾಸಿಟರ್ ತಂದಿಟ್ಟುಕೊಂಡಿದ್ದೇನೆ. ಮಗಳು ಈ ಸಲ ಮೂವತ್ತು ಕೇಳುತ್ತಿದ್ದಾಳೆ.